ಚೀನದ ಹರಕುಕಾಗದಗಳ ಚಿತ್ರಕಲೆ

ಅಂಚು ಸುಟ್ಟು ಕರಿಯಾದ ಗ್ರಂಥದ ಹಾಳೆ, ಹುಳು ತಿಂದ ಓಲೆ, ಕಲ್ಬರಹದ ಮೇಲೆ ಕಾಗದವನ್ನೊತ್ತಿ ಮಸಿಯಿಂದ ತೆಗೆದ ಪಡಿಯಚ್ಚಿನ ಚೂರು, ಮುರಿದ ಬೀಸಣಿಗೆ—ಇವನ್ನೆಲ್ಲ ಯಾರೋ ಬಿಳಿಯ ಹಾಳೆಯ ಮೇಲೆ ಚೆಲ್ಲಿ ಹೋದಂತೆ ತೋರುತ್ತದೆ. ಒಂದು ಚೂರನ್ನು ಉಗುರಿನಿಂದ ಎತ್ತಿ ನೋಡೋಣವೆನ್ನಿಸುತ್ತದೆ. ಆದರೆ ಎತ್ತುವುದಕ್ಕೆ ಅಲ್ಲಿ ಏನೂ ಇಲ್ಲ. ಸಮಸ್ತವೂ ಕುಂಚದಿಂದ ಬರೆದದ್ದು! ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಚೀನದಲ್ಲಿ ತಲೆಯೆತ್ತಿದ ಈ ಕಲೆಗೆ 'ಬಾ ಪೋ', ಎಂದರೆ 'ಎಂಟು ಒಡಕುಗಳು', ಎಂದು ಹೆಸರು. ಚೂರುಗಳು ಎಂಟೇ ಇರಬೇಕೆಂಬ ನಿಯಮವಿಲ್ಲ. ಎಂಟು ಆ ಜನರಿಗೆ ಶುಭಸಂಖ್ಯೆ. 'ಜಿನ್ ಹುಯಿ ದುಯಿ', ಅಂದರೆ 'ಜರತಾರಿಯ ಬೂದಿಯ ರಾಶಿ', ಎಂಬ ಇನ್ನೊಂದು ಹೆಸರೂ ಉಂಟು.

ಹರಕನ್ನು ಗೋಡೆಗೆ ತೂಗುಹಾಕುವುದು ಅಮಂಗಲವಲ್ಲವೆ ಎಂದು ವಾಚಕರು ಕೇಳಬಹುದು. ಚೀನೀ ಭಾಷೆಯಲ್ಲಿ ಚೂರು ಎಂಬುದಕ್ಕೂ ವರುಷ ಎಂಬುದಕ್ಕೂ 'ಸುಯಿ' ಎಂಬ ಒಂದೇ ಧ್ವನಿ. ಆದುದರಿಂದ ನೂರು ಚೂರುಗಳ ಚಿತ್ರವು ನೂರು ವರುಷ ಬಾಳೆಂಬ ಹರಕೆಯೂ ಆಗುತ್ತದೆ.

ಕೆಲಸವು ಸುಲಭದ್ದಲ್ಲ. ಅಚ್ಚಿನ ಅಕ್ಷರ, ಪ್ರಾಚೀನರ ಕೈಬರಹ, ಶಿಲಾಶಾಸನದ ಬಿಳಿಗೆರೆ, ಇವೆಲ್ಲವೂ ಒಬ್ಬನೇ ಚಿತ್ರಕಾರನ ಕೈಯಿಂದ ಇಳಿಯಬೇಕು. ಲ್ಯೂಝೌ (1791–1858) ಎಂಬ ಬೌದ್ಧಭಿಕ್ಷುವು ಪುರಾತನ ಪಾತ್ರೆಗಳ ಪಡಿಯಚ್ಚುಗಳನ್ನು ಒಂದೇ ಹಾಳೆಯಲ್ಲಿ ಕೂಡಿಸಿ ಈ ದಾರಿಗೆ ಮೊದಲಿಗನಾದನೆಂದು ವಿದ್ವಾಂಸರು ಎಣಿಸುತ್ತಾರೆ.

ಕಾಲವನ್ನು ನೋಡಿದರೆ ಈ ಬೂದಿಯ ರಾಶಿ ಬರಿಯ ವಿನೋದವೆಂದು ನನಗೆ ತೋರುವುದಿಲ್ಲ. ಚಿಯೆನ್‌ಲುಂಗ್ ಚಕ್ರವರ್ತಿಯು ನಾಡಿನ ಗ್ರಂಥಗಳನ್ನೆಲ್ಲ ಒಟ್ಟುಗೂಡಿಸಿ ಬರೆಯಿಸಿದ 'ಸಿಕು ಕ್ವಾನ್‌ಶು' ಎಂಬ ಮಹಾಸಂಗ್ರಹಕ್ಕೆ ಏಳು ಪ್ರತಿಗಳಿದ್ದುವು. ಒಂದೊಂದರಲ್ಲಿಯೂ ಸುಮಾರು 36,000 ಸಂಪುಟ. ತೈಪಿಂಗ್ ದಂಗೆಯಲ್ಲಿ (1850–64) ಯಾಂಗ್‌ಚೌ ಮತ್ತು ಜೆನ್‌ಜಿಯಾಂಗ್ ಪಟ್ಟಣಗಳ ಪ್ರತಿಗಳು ನಾಶವಾದುವು. 1860ರಲ್ಲಿ ಆಂಗ್ಲ–ಫ್ರೆಂಚ್ ಸೇನೆಗಳು ಯುವಾನ್‌ಮಿಂಗ್‌ಯುವಾನ್ ಅರಮನೆಯನ್ನು ಸುಟ್ಟಾಗ ಮತ್ತೊಂದು ಹೋಯಿತು. 1861ರಲ್ಲಿ ಹಾಂಗ್‌ಚೌ ನಗರದ ಪುಸ್ತಕಭಂಡಾರವೂ ಕೊಳ್ಳೆಹೋಯಿತು. ಆಗ ಡಿಂಗ್ ಶೆನ್, ಡಿಂಗ್ ಬಿಂಗ್ ಎಂಬ ಅಣ್ಣತಮ್ಮಂದಿರು ಊರು ಬಿಟ್ಟು ಹೋಗಿದ್ದಾಗ, ಸಂತೆಯಲ್ಲಿ ಸಾಮಾನು ಕಟ್ಟಿಕೊಟ್ಟ ಕಾಗದವನ್ನು ನೋಡುತ್ತಾರೆ: ಅದು ಆ ಸಂಗ್ರಹದ ಹಾಳೆ! ಹಣ ಸುರಿದು, ಜನರನ್ನಟ್ಟಿ, ಸಾವಿರಾರು ಸಂಪುಟಗಳನ್ನು ಅವರು ಉಳಿಸಿದರು. ಕಳೆದುಹೋದವನ್ನು ಮುಂದೆ ಪ್ರತಿಮಾಡಿಸಿದರು. ಚಿತ್ರದಲ್ಲಿನ ಸುಟ್ಟ ಅಂಚನ್ನು ಕಂಡ ಅಂದಿನ ಓದುಗನಿಗೆ ಅದು ಕಲ್ಪನೆಯ ಮಾತಾಗಿರಲಾರದು.

ಅಕ್ಷರವಿರುವ ಕಾಗದವನ್ನು ತುಳಿಯಬಾರದು, ಆಯ್ದು ತಂದು ಅದಕ್ಕೆಂದೇ ಕಟ್ಟಿದ ಗೂಡಿನಲ್ಲಿ ಗೌರವದಿಂದ ಸುಡಬೇಕು ಎಂಬುದು ಚೀನೀಯರ ಹಳೆಯ ಆಚಾರ. ಕಾಲಿಗೆ ತಗಲಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇಷ್ಟಾದರೂ ಪಂಡಿತವರ್ಗವು ಈ ಚಿತ್ರಗಳನ್ನು ಮನ್ನಿಸಲಿಲ್ಲ. ತದ್ರೂಪವನ್ನೇ ನೋಡಿ ಚಿತ್ರವನ್ನಳೆಯುವುದು ಮಕ್ಕಳ ಬುದ್ಧಿಯೆಂದು ಕವಿ ಸೂ ಶಿ (1037–1101) ಹೇಳಿದ ಅಭಿಪ್ರಾಯವು ಅಲ್ಲಿ ಶಾಸ್ತ್ರವೇ ಆಗಿತ್ತು. ಕೊಂಡವರು ಪಟ್ಟಣಗಳ ಮಧ್ಯಮವರ್ಗದವರು. ಅವರ ರುಚಿಗೆ ತಕ್ಕಂತೆ ಕ್ರಮೇಣ ಅಂಚೆಯ ಲಕ್ಕೋಟೆ, ಜಾಹೀರಾತುಗಳೂ ಚೂರುಗಳ ನಡುವೆ ಸೇರಿದುವು. 1949ರ ಕ್ರಾಂತಿಯ ತರುವಾಯ ಕಲೆಯು ಬಹುಮಟ್ಟಿಗೆ ಮರೆತುಹೋಯಿತು. ಈ ಚಿತ್ರಗಳಿಗಾಗಿಯೇ ಏರ್ಪಟ್ಟ ಮೊದಲ ಪ್ರದರ್ಶನವು ನಡೆದುದು 2017ರಲ್ಲಿ, ಅದೂ ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ. ಬರೆದವರಲ್ಲಿ ಅನೇಕರ ವಿಷಯದಲ್ಲಿ ನಮಗೆ ಉಳಿದಿರುವುದು ಚಿತ್ರದ ಮೂಲೆಯ ಅಂಕಿತ ಮಾತ್ರ.