ಖಾಸಗಿ ಕಾರಿನ ಎಂಜಿನ್ ಬದಲಾವಣೆ ಮತ್ತು ವಯರಿಂಗ್: ಅರ್ಜಿದಾರರಿಗೆ ಮಾಹಿತಿ

ಉಡುಪಿ ಜಿಲ್ಲೆಯ ಬನ್ನಂಜೆ, ಮಣಿಪಾಲ, ಕಾಪು ಹಾಗೂ ಕಾರ್ಕಳ ಪ್ರದೇಶಗಳ ವಾಹನಗಳು ಕೆಎ 20 ಸರಣಿಯಲ್ಲಿ ನೋಂದಣಿಯಾಗುತ್ತವೆ. ಹಳೆಯ ಕಾರನ್ನು ಮನೆಯಲ್ಲಿಯೇ ದುರಸ್ತಿಗೊಳಿಸಿ ಬೇರೆ ಎಂಜಿನ್ ಅಳವಡಿಸಲು ಬಯಸುವ ಮಾಲೀಕರು ಕೆಲಸ ಆರಂಭಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಕಾನೂನಿನ ಉಪಬಂಧ

ನೋಂದಣಿ ಪ್ರಮಾಣ ಪತ್ರದಲ್ಲಿ ಎಂಜಿನ್ ಸಂಖ್ಯೆ ನಮೂದಾಗಿರುತ್ತದೆ. ಆದುದರಿಂದ ಅದೇ ಮಾದರಿಯ ಎಂಜಿನ್ ಅಳವಡಿಸಿದರೂ ದಾಖಲೆ ಬದಲಾಗಬೇಕಾಗುತ್ತದೆ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಪ್ರಕಾರ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅನುಮೋದನೆಯಿಲ್ಲದೆ ಎಂಜಿನ್ ಬದಲಾಯಿಸಿದ್ದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪ್ರಮಾಣ ಪತ್ರ ಹಾಗೂ ನಿಗದಿತ ಶುಲ್ಕವನ್ನು ಸಲ್ಲಿಸತಕ್ಕದ್ದು. ವರದಿ ಮಾಡಿದ ಮಾತ್ರಕ್ಕೆ ಬೇರೆ ಮಾದರಿಯ ಎಂಜಿನ್ ಸಕ್ರಮವಾಗುವುದಿಲ್ಲ. 2019ರ ತಿದ್ದುಪಡಿಯ 182ಎ ಪ್ರಕರಣದನ್ವಯ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು.

ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

1. ಮೂಲ ನೋಂದಣಿ ಪ್ರಮಾಣ ಪತ್ರ
2. ಚಾಲ್ತಿಯಲ್ಲಿರುವ ವಿಮಾ ಪತ್ರ ಮತ್ತು ಹೊಗೆ ತಪಾಸಣಾ ಪ್ರಮಾಣ ಪತ್ರ
3. ಎಂಜಿನ್ ಖರೀದಿಯ ರಸೀದಿ. ಬಳಸಿದ ಎಂಜಿನ್ ಆಗಿದ್ದಲ್ಲಿ ಅದನ್ನು ತೆಗೆದ ವಾಹನದ ವಿವರ
4. ವಾಹನದ ಮೇಲೆ ಸಾಲವಿದ್ದಲ್ಲಿ ಹಣಕಾಸು ಸಂಸ್ಥೆಯ ಲಿಖಿತ ಒಪ್ಪಿಗೆ

ಎಂಜಿನ್ ಸಂಖ್ಯೆಯನ್ನು ಯಾವುದೇ ಕಾರಣಕ್ಕೂ ಉಜ್ಜಬಾರದು ಅಥವಾ ತಿದ್ದಬಾರದು. ಹೊಸ ಸಂಖ್ಯೆಯನ್ನು ವಿಮಾ ಕಂಪನಿಗೂ ತಿಳಿಸತಕ್ಕದ್ದು. ದಾಖಲೆ ಮತ್ತು ವಾಹನ ತಾಳೆಯಾಗದಿದ್ದಲ್ಲಿ ಅಪಘಾತದ ಸಂದರ್ಭದಲ್ಲಿ ಪರಿಹಾರಕ್ಕೆ ತೊಡಕಾಗುವ ಸಂಭವವಿರುತ್ತದೆ.

ವಯರಿಂಗ್ ಕುರಿತು

ಅನುಮೋದಿತ ಎಂಜಿನ್ ಆಗಿದ್ದರೂ ದೋಷಪೂರಿತ ವಯರಿಂಗ್‌ನಿಂದ ಬೆಂಕಿ ತಗಲುವ ಅಪಾಯವಿದೆ. ಆದುದರಿಂದ ಈ ಕೆಳಗಿನವುಗಳನ್ನು ಪಾಲಿಸತಕ್ಕದ್ದು.

1. ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚತಕ್ಕದ್ದು.
2. ಎಂಜಿನ್ ಮತ್ತು ಬಾಡಿಯ ನಡುವಿನ ಅರ್ತ್ ಪಟ್ಟಿಯನ್ನು ಮರಳಿ ಬಿಗಿಯಾಗಿ ಜೋಡಿಸತಕ್ಕದ್ದು. ಇದು ಬಿಟ್ಟುಹೋದಲ್ಲಿ ಸ್ಟಾರ್ಟರ್‌ನ ವಿದ್ಯುತ್ತು ಆಕ್ಸಿಲರೇಟರ್ ಅಥವಾ ಗೇರ್ ಕೇಬಲ್ ಮೂಲಕ ಹರಿದು ಅವು ಕಾದುಹೋಗುತ್ತವೆ.
3. ಫ್ಯೂಸ್ ಇರುವುದು ತಂತಿಯ ರಕ್ಷಣೆಗಾಗಿ. 10 ಆಂಪಿಯರ್ ಫ್ಯೂಸ್ ಪದೇ ಪದೇ ಸುಟ್ಟುಹೋದಲ್ಲಿ ದೋಷವನ್ನು ಹುಡುಕಬೇಕೇ ಹೊರತು 20 ಆಂಪಿಯರ್ ಫ್ಯೂಸ್ ಹಾಕಬಾರದು.
4. ಇಮೊಬಿಲೈಜರ್ ಇರುವ ಕಾರುಗಳಲ್ಲಿ ಕೀಲಿ ಮತ್ತು ಇಸಿಯು ಪರಸ್ಪರ ಹೊಂದಾಣಿಕೆಯಾಗಿರಬೇಕು. ಇಲ್ಲವಾದಲ್ಲಿ ಎಂಜಿನ್ ಚಾಲನೆಗೊಳ್ಳುವುದಿಲ್ಲ.
5. ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗೆ ತಾಮ್ರದ ತಂತಿ ಬೇಗನೆ ಹಸಿರುಗಟ್ಟುತ್ತದೆ. ತಂತಿಗಳನ್ನು ತಿರುಚಿ ಟೇಪು ಸುತ್ತುವ ಬದಲು ಕ್ರಿಂಪ್ ಮಾಡಿ, ನೀರು ಸೇರದಂತೆ ಹೀಟ್‌ಶ್ರಿಂಕ್ ಕೊಳವೆ ಹಾಕುವುದು ಸೂಕ್ತ.
6. ಎಂಜಿನ್ ಚಾಲನೆಯಲ್ಲಿರುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಕಡಿಮೆಯಿದ್ದಲ್ಲಿ ಆಲ್ಟರ್ನೇಟರ್‌ನ ಜೋಡಣೆಯನ್ನು ಪರಿಶೀಲಿಸತಕ್ಕದ್ದು.

ಮೊದಲು ಅನುಮೋದನೆ, ಅನಂತರ ಕೆಲಸ ಎಂಬ ಕ್ರಮವನ್ನು ಪಾಲಿಸಿದಲ್ಲಿ ಮಾಲೀಕರ ಹಣವೂ ಶ್ರಮವೂ ವ್ಯರ್ಥವಾಗುವುದಿಲ್ಲ. ಅರ್ಜಿ ನಮೂನೆ, ಪ್ರಸ್ತುತ ಶುಲ್ಕ ಹಾಗೂ ತಪಾಸಣೆಯ ವಿವರಗಳಿಗೆ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು.