ಜನಪ್ರಿಯ ಗೀತೆ: ಇಪ್ಪತ್ತನೆಯ ಶತಮಾನದ ಕನ್ನಡನಾಡಿನಲ್ಲಿ

ಒಬ್ಬನು ಕಟ್ಟಿದ ಹಾಡು, ಅವನ ಹೆಸರನ್ನಾಗಲಿ ಊರನ್ನಾಗಲಿ ಅರಿಯದ ಸಹಸ್ರಾರು ಜನರ ನಾಲಗೆಯ ಮೇಲೆ ಏಕಕಾಲದಲ್ಲಿ ನಲಿದಾಡಿ, ಅಂಗಡಿಯಲ್ಲಿ ಹಣ ತೆತ್ತು ಕೊಳ್ಳಬಹುದಾದ ವಸ್ತುವೂ ಆದಾಗ, ಅದನ್ನು ಜನಪ್ರಿಯ ಗೀತೆಯೆಂದು, ಬಳಕೆಯ ಮಾತಿನಲ್ಲಿ ಹಿಟ್ ಹಾಡೆಂದು, ಕರೆಯುವುದು ವಾಡಿಕೆ. ಬೀಸುವಾಗಿನ ಪದ, ಲಾವಣಿ, ದಾಸರ ಕೀರ್ತನೆಗಳು ಇದಕ್ಕಿಂತ ಎಷ್ಟೋ ಹಿಂದಿನವಾದರೂ ಅವು ಬಾಯಿಂದ ಬಾಯಿಗೆ ಸಾಗಿದಂಥವು. ಯಂತ್ರದ ನೆರವಿನಿಂದ ಒಂದೇ ಕಂಠವು ಎಲ್ಲೆಡೆಯೂ ಒಂದೇ ಬಗೆಯಾಗಿ ಕೇಳಿಬರುವುದು ಇಪ್ಪತ್ತನೆಯ ಶತಮಾನದ ಸೃಷ್ಟಿ. ಕನ್ನಡದ ಮಟ್ಟಿಗೆ ಈ ಪ್ರಕಾರದ ಚರಿತ್ರೆಯಲ್ಲಿ ವಿಶೇಷವಾಗಿ ಗಮನಿಸತಕ್ಕ ಸಂಗತಿಯೆಂದರೆ, ಹಾಡನ್ನು ಹೊತ್ತು ತರುವ ಸಾಧನವು ಬದಲಾದಂತೆಲ್ಲ ಅದರ ಕಂಠ, ಗಾತ್ರ, ವಾದ್ಯಗಳೆಲ್ಲವೂ ಮಾರ್ಪಟ್ಟರೂ, ಕವಿಯ ಮಾತಿನೊಡನೆ ಅದಕ್ಕಿದ್ದ ನಂಟು ಕಡಿದುಹೋಗಲಿಲ್ಲ.

ಶತಮಾನದ ಆರಂಭದಲ್ಲಿ ಈ ಹಾಡಿನ ತವರು ವೃತ್ತಿರಂಗಭೂಮಿಯಾಗಿದ್ದಿತು. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಕಂಪನಿ, ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆ ಮೊದಲಾದ ಮಂಡಲಿಗಳಲ್ಲಿ ನಟನಾಗಬಯಸುವವನು ಮೊದಲು ಗಾಯಕನಾಗಿರಬೇಕಾಗಿದ್ದಿತು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಶಬ್ದವು ಸ್ಪಷ್ಟವಾಗಿ ತಲುಪಬೇಕಾದುದರಿಂದ, ಗಾಯಕರು ತಾರಸ್ಥಾಯಿಯಲ್ಲಿ ಎದೆದುಂಬಿ ಹಾಡುತ್ತಿದ್ದರು. ಲೆಗ್ ಹಾರ್ಮೋನಿಯಂ ಅವರ ಬೆನ್ನಿಗೆ ನಿಂತಿರುತ್ತಿದ್ದಿತು. ಪಾರಸಿ ಮತ್ತು ಮರಾಠಿ ನಾಟಕಗಳ ಮಟ್ಟುಗಳು ಕರ್ನಾಟಕ ರಾಗಗಳೊಡನೆ ಬೆರೆತು ಕಂದ, ವೃತ್ತಗಳ ಪಕ್ಕದಲ್ಲಿಯೇ ಕುಳಿತವು. ಹಾಡೊಂದು ಜನಮನವನ್ನು ಗೆದ್ದಿತೆಂಬುದಕ್ಕೆ ಅಂದಿನ ಪ್ರಮಾಣವೆಂದರೆ ಸಭೆಯಿಂದೇಳುವ 'ಒನ್ಸ್ ಮೋರ್' ಎಂಬ ಕೂಗು. ಆ ಕೂಗು ಎದ್ದಿತೆಂದರೆ ರಂಗದ ಮೇಲೆ ಆಗತಾನೆ ಪ್ರಾಣಬಿಟ್ಟಿದ್ದ ಪಾತ್ರವೂ ಎದ್ದು ಕುಳಿತು ಹಾಡನ್ನು ಪುನಃ ಹಾಡುವ ಸಂಪ್ರದಾಯವಿದ್ದಿತು. ಕಥೆಗಿಂತ ಹಾಡೇ ಮಿಗಿಲೆಂದು ತೀರ್ಪು ಕೊಟ್ಟ ಈ ರಸಿಕರೇ ಮುಂದೆ ಚಲನಚಿತ್ರಕ್ಕೂ ಪ್ರೇಕ್ಷಕರಾದರೆಂಬುದನ್ನು ಮರೆಯಲಾಗದು.

ಗ್ರಾಮಫೋನು ಭಾರತಕ್ಕೆ ಗಾಯನಮುದ್ರಣದ ಕಲೆಯನ್ನು ತಂದುದು 1902ರ ನವೆಂಬರಿನಲ್ಲಿ. ಕಲ್ಕತ್ತೆಯಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗನು ಗೌಹರ್ ಜಾನಳ ಗಾಯನವನ್ನು ಮುದ್ರಿಸಿಕೊಂಡನು. ಹಾಡಿನ ತುದಿಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದುದು, ಜರ್ಮನಿಯ ಹ್ಯಾನೋವರಿನ ಕಾರ್ಖಾನೆಯಲ್ಲಿ ಪ್ಲೇಟು ಒತ್ತುವವರಿಗೆ ಅದು ಯಾರ ಹಾಡೆಂದು ತಿಳಿಯಲೆಂದು. ಈ ಮಹಾಗಾಯಕಿ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅದೇ ಊರಿನಲ್ಲಿ ತೀರಿಕೊಂಡಳು. ಅರಗಿನಿಂದ ಮಾಡಿದ ಆ ಕಪ್ಪು ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದು, ಹತ್ತಂಗುಲದ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷಗಳ ಹಾಡು ಮಾತ್ರವೇ ಹಿಡಿಯುತ್ತಿದ್ದಿತು. ರಾತ್ರಿಯೆಲ್ಲ ರಾಗವನ್ನು ಬೆಳೆಸಬಲ್ಲ ಗಾಯಕನಿಗೆ ಇದು ಕಠಿನವಾದ ಶಿಸ್ತು: ಆಲಾಪನೆಯನ್ನು ಎರಡು ಉಸಿರಿಗೆ ಇಳಿಸಿ, ಪಲ್ಲವಿಯನ್ನು ಒಡನೆಯೇ ಎತ್ತಿ, ಚರಣಗಳನ್ನು ಎರಡು ಮೂರಕ್ಕೆ ಮಿತಗೊಳಿಸಿ, ಸೂಜಿ ತಟ್ಟೆಯ ನಡುವನ್ನು ಮುಟ್ಟುವುದರೊಳಗೆ ಮುಗಿಸಬೇಕು. ತಟ್ಟೆಯು ಮೂಲೆ ಸೇರಿದ ಮೇಲೂ ಚಿತ್ರಗೀತೆಯು ಹೆಚ್ಚುಕಡಿಮೆ ಇದೇ ಅಳತೆಯನ್ನು ಉಳಿಸಿಕೊಂಡುದು, ಯಂತ್ರದ ಮಿತಿಯೊಂದು ಕಲೆಯ ರೂಪವಾಗಿ ನೆಲೆಗೊಂಡುದಕ್ಕೆ ಉತ್ತಮ ನಿದರ್ಶನ. 1925ರ ಸುಮಾರಿಗೆ ವಿದ್ಯುನ್ಮುದ್ರಣವು ಬಂದ ಬಳಿಕ ಕಹಳೆಯ ಮುಂದೆ ಕೂಗುವ ಅಗತ್ಯವಿಲ್ಲವಾಗಿ, ಮೆಲುದನಿಯ ಗಾಯನವೂ ಸಾಧ್ಯವಾಯಿತು.

1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ 'ಸತಿ ಸುಲೋಚನ' ಕನ್ನಡದ ಮೊದಲನೆಯ ವಾಕ್ಚಿತ್ರ. ಆರಂಭಕಾಲದ ಈ ಚಿತ್ರಗಳ ಗೀತೆಗಳು ಬಹುಮಟ್ಟಿಗೆ ರಂಗಗೀತೆಗಳೇ. ಚಿತ್ರಗಳು ವಿರಳವಾಗಿದ್ದುದರಿಂದ ಕನ್ನಡದ ಪ್ರತಿಭೆ ಅನ್ಯಭಾಷೆಗಳಲ್ಲಿಯೂ ಆಶ್ರಯ ಪಡೆಯಬೇಕಾಯಿತು. ವಿಜಾಪುರ ಸೀಮೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಎಂಬ ಹಿಂದಿ ಚಿತ್ರದಲ್ಲಿ ಹಾಡಿ ಭಾರತದಾದ್ಯಂತ ಮನೆಮಾತಾದರು.

ರೇಡಿಯೋ ಯುಗವನ್ನು ಈ ನಾಡಿನಲ್ಲಿ ತೆರೆದವರು ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಲ್ಲಿಯೇ ಅವರು ನೆಲೆಗೊಳಿಸಿದ ಕೇಂದ್ರಕ್ಕೆ ದೊರೆತ 'ಆಕಾಶವಾಣಿ' ಎಂಬ ಹೆಸರೇ ಅನಂತರ ಸಮಗ್ರ ಭಾರತದ ಬಾನುಲಿಯ ಹೆಸರಾಯಿತು. ಧಾರವಾಡದ ಕೇಂದ್ರ 1950ರಲ್ಲಿಯೂ ಬೆಂಗಳೂರಿನದು 1955ರಲ್ಲಿಯೂ ಪ್ರಾರಂಭವಾದವು. ಆದರೆ ಅದೇ ದಶಕದಲ್ಲಿ ಕೇಂದ್ರ ಸಚಿವ ಬಿ. ವಿ. ಕೇಸ್ಕರರು ಚಿತ್ರಗೀತೆಗಳನ್ನು ಅಭಿರುಚಿಗೆ ಹಾನಿಕರವೆಂದು ಬಗೆದು ಬಾನುಲಿಯಿಂದ ಬಹುಮಟ್ಟಿಗೆ ಹೊರಗಿಟ್ಟರು. ಅವರ ಉದ್ದೇಶ ಉದಾತ್ತವಾಗಿದ್ದಿರಬಹುದು. ಪರಿಣಾಮ ಮಾತ್ರ ವಿಪರೀತವಾಯಿತು. ಕೇಳುಗರು ಸಿಲೋನ್ ರೇಡಿಯೋದ ಕಡೆಗೆ ಮುಳ್ಳು ತಿರುಗಿಸಿದರು. 1952ರ ಕೊನೆಯಲ್ಲಿ ಅಲ್ಲಿ ಅಮೀನ್ ಸಯಾನಿಯವರು ಆರಂಭಿಸಿದ 'ಬಿನಾಕಾ ಗೀತ್‌ಮಾಲಾ' ವಾರವಾರವೂ ಹಾಡುಗಳಿಗೆ ಮೆಟ್ಟಿಲುಕ್ರಮದಲ್ಲಿ ಸ್ಥಾನ ಕೊಟ್ಟು, ಜನಪ್ರಿಯತೆಯನ್ನು ಎಣಿಸಿ ಹೇಳುವ ಪದ್ಧತಿಯನ್ನು ಬಳಕೆಗೆ ತಂದಿತು. 1957ರ ಅಕ್ಟೋಬರಿನಲ್ಲಿ 'ವಿವಿಧ ಭಾರತಿ' ಜನ್ಮತಾಳಿದುದು ಆ ಸೋಲನ್ನು ಒಪ್ಪಿಕೊಂಡಂತೆಯೇ. ಮೆಚ್ಚಿನ ಹಾಡನ್ನು ಕೋರಿ ಕಾರ್ಡು ಬರೆದು, ತನ್ನ ಹೆಸರೂ ಊರೂ ಬಾನುಲಿಯಲ್ಲಿ ಕೇಳಿಬರುವುದೆಂದು ಕುಟುಂಬಸಮೇತ ಕಿವಿಗೊಟ್ಟು ಕುಳಿತ ಶ್ರೋತೃವಿಗೆ ಆ ಹಾಡಿನಲ್ಲಿ ಒಂದು ಬಗೆಯ ಸ್ವಾಮ್ಯವೇ ಒದಗಿದಂತಾಗುತ್ತಿದ್ದಿತು.

ಇದೇ ಕಾಲದಲ್ಲಿ ಪಿ. ಕಾಳಿಂಗರಾಯರು (1914–1981) ಚಿತ್ರದ ಹಂಗಿಲ್ಲದ ಬೇರೊಂದು ಹಾದಿಯನ್ನು ನಿರ್ಮಿಸಿದರು. ಮೋಹನಕುಮಾರಿ, ಸೋಹನಕುಮಾರಿಯರೊಡಗೂಡಿ ಅವರು ಹಳ್ಳಿಯ ಪದಗಳನ್ನೂ ವಚನಗಳನ್ನೂ ನವೋದಯದ ಕವಿತೆಗಳನ್ನೂ ಸಭೆಯಿಂದ ಸಭೆಗೆ ಒಯ್ದರು. ಪುಸ್ತಕವನ್ನು ಎಂದೂ ಬಿಚ್ಚಿ ನೋಡದವನ ಬಾಯಿಯಲ್ಲಿಯೂ ಬೇಂದ್ರೆ, ಕುವೆಂಪುಗಳ ಮಾತು ಆಡುವಂತಾದುದಕ್ಕೆ ಕನ್ನಡಿಗರು ಇವರಿಗೆ ಸಲ್ಲಿಸಬೇಕಾದ ಕೃತಜ್ಞತೆ ಇನ್ನೂ ಪೂರ್ಣವಾಗಿ ಸಂದಿಲ್ಲ.

1960 ಮತ್ತು 1970ರ ದಶಕಗಳನ್ನು ಚಿತ್ರಗೀತೆಯ ಸಮೃದ್ಧಿಯ ಕಾಲವೆನ್ನುವುದರಲ್ಲಿ ಅತಿಶಯೋಕ್ತಿಯಿಲ್ಲ. ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್, ಟಿ. ಜಿ. ಲಿಂಗಪ್ಪ, ಎಂ. ರಂಗರಾವ್, ಸೋದರರಾದ ರಾಜನ್–ನಾಗೇಂದ್ರ ಇವರ ರಾಗಸಂಯೋಜನೆಗೆ ಕು. ರ. ಸೀತಾರಾಮಶಾಸ್ತ್ರಿ, ಆರ್. ಎನ್. ಜಯಗೋಪಾಲ್, ಚಿ. ಉದಯಶಂಕರ್, ವಿಜಯನಾರಸಿಂಹ ಮೊದಲಾದವರು ಸಾಹಿತ್ಯವನ್ನೊದಗಿಸಿದರು. ಈ ಗೀತೆಗಳಲ್ಲಿ ಹೆಚ್ಚಿನವು ಮದರಾಸಿನಲ್ಲಿ ಧ್ವನಿಮುದ್ರಿತವಾದವು. ಇವುಗಳಿಗೆ ಕಂಠ ಕೊಟ್ಟ ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲಾ, 1967ರಲ್ಲಿ ಕನ್ನಡಕ್ಕೆ ಬಂದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಇವರೆಲ್ಲರೂ ತೆಲುಗು ಮನೆಮಾತಿನವರು. ಆದರೂ ಅವರ ಉಚ್ಚಾರಣೆಯ ಶುದ್ಧಿಯನ್ನು ಕನ್ನಡಿಗರೇ ಆದರ್ಶವೆಂದು ಭಾವಿಸಿದರು. ಚಿತ್ರರಂಗವು ಕವಿಗಳನ್ನೂ ಕೈಬಿಡಲಿಲ್ಲ: ಯುಗಾದಿಯನ್ನು ಕುರಿತ ಬೇಂದ್ರೆಯವರ ಕವಿತೆ 'ಕುಲವಧು'ವಿನಲ್ಲಿ (1963) ಎಸ್. ಜಾನಕಿಯವರ ಕಂಠದಿಂದ ಹೊಮ್ಮಿ ಹಬ್ಬದ ಅವಿಭಾಜ್ಯ ಅಂಗವಾಯಿತು. ಬೆಳಗಿನ ವರ್ಣನೆಯ ಮತ್ತೊಂದು ಕವಿತೆ 'ಬೆಳ್ಳಿಮೋಡ'ಕ್ಕೆ (1967) ಸಂದಿತು. ಅದುವರೆಗೆ ಪಿ. ಬಿ. ಶ್ರೀನಿವಾಸರ ಕಂಠದಲ್ಲಿ ಕೇಳಿಬರುತ್ತಿದ್ದ ರಾಜ್‌ಕುಮಾರರು 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಸ್ವತಃ ಹಾಡಿದಾಗ, ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ಹಾಡುವ ನಟನು ತೆರೆಯ ಮೇಲೆ ಮರಳಿ ಕಾಣಿಸಿಕೊಂಡಂತಾಯಿತು.

ಈ ಹಾಡುಗಳು ಹಳ್ಳಿಗೆ ಇಳಿದ ಬಗೆಯನ್ನು ಹೇಳದಿದ್ದರೆ ಚಿತ್ರ ಅಪೂರ್ಣ. ಟೆಂಟು ಸಿನಿಮಾದ ಬಾಗಿಲಲ್ಲಿ ಕೆಲವೇ ಪೈಸೆಗಳಿಗೆ ಮಾರುತ್ತಿದ್ದ ಹಾಡಿನ ಪುಸ್ತಕವು ಒರಟು ಕಾಗದದ ಕೆಲವು ಪುಟಗಳಷ್ಟೆ: ಮೊದಲು ಕಥಾಸಾರ, ಅದೂ ಸಂಕಟದ ಘಟ್ಟಕ್ಕೆ ಬಂದೊಡನೆ ನಿಂತು, ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಓದುಗನನ್ನು ಒಳಗೆ ಕಳುಹಿಸುವುದು, ಆಮೇಲೆ ಹಾಡುಗಳು, ಅಚ್ಚಿನ ದೋಷಗಳ ಸಮೇತ. ಮದುವೆಯ ಚಪ್ಪರದ ಮೈಕ್‌ಸೆಟ್ಟು, ಗಣೇಶೋತ್ಸವದ ಆರ್ಕೆಸ್ಟ್ರಾಗಳು ಉಳಿದ ಕಾರ್ಯವನ್ನು ಪೂರೈಸಿದವು.

ಕ್ಯಾಸೆಟ್ಟು ಬಂದ ಮೇಲೆ ಹಾಡು ಅಗ್ಗವಾಯಿತು, ಸ್ವತಂತ್ರವೂ ಆಯಿತು. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' (1978) ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಪ್ರಸಿದ್ಧ. ಅದೇ ವರ್ಷದ ಚಿತ್ರಗಳಿಗಾಗಿ ನೀಡಲಾದ ರಾಷ್ಟ್ರಪ್ರಶಸ್ತಿಗಳಲ್ಲಿ ಶಿವಮೊಗ್ಗ ಸುಬ್ಬಣ್ಣನವರು ಚಂದ್ರಶೇಖರ ಕಂಬಾರರ ಗೀತೆಯನ್ನು 'ಕಾಡು ಕುದುರೆ'ಯಲ್ಲಿ ಹಾಡಿದುದಕ್ಕೆ ಶ್ರೇಷ್ಠ ಹಿನ್ನೆಲೆಗಾಯಕರೆನಿಸಿದರು. ಸಿ. ಅಶ್ವತ್ಥರು ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯನ್ನೂ ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಮನೆಮನೆಗೆ ತಲುಪಿಸಿದರು. 1987ರ 'ಪ್ರೇಮಲೋಕ'ದಿಂದ ಹಂಸಲೇಖರ ಪರ್ವ ಮೊದಲಾಯಿತು. ಮಾತನ್ನೂ ರಾಗವನ್ನೂ ತಾವೇ ಕಟ್ಟಿ, ಬೀದಿಯ ಆಡುಮಾತನ್ನು ಪ್ರಾಸಕ್ಕೆ ಪಳಗಿಸಿ, ಪಾಶ್ಚಾತ್ಯ ಲಯದೊಡನೆ ಬೆಸೆದ ಇವರ ಶೈಲಿ ಕಿರಿಯರನ್ನು ಸೆರೆಹಿಡಿಯಿತು. ಇವರ ಅನುಕರಣದಲ್ಲಿ ಬಂದ ಹಲವು ಹಾಡುಗಳಲ್ಲಿ ಪ್ರಾಸ ಮಾತ್ರ ಉಳಿದು ಅರ್ಥ ತೆಳುವಾಯಿತೆಂಬುದನ್ನೂ ಹೇಳಲೇಬೇಕು. ಶತಮಾನದ ಕೊನೆಯ ವರ್ಷಗಳಲ್ಲಿ ಕ್ಯಾಸೆಟ್ಟಿನ ಸ್ಥಾನವನ್ನು ಸಿ.ಡಿ. ಆಕ್ರಮಿಸತೊಡಗಿತು.

ಅರಗಿನ ತಟ್ಟೆಯು ಕೈಜಾರಿದರೆ ಒಡೆಯುವಂಥದು, ಬಿಸಿಲಿಗೆ ಸೊಟ್ಟಗಾಗುವಂಥದು. ವರದಾಚಾರ್ಯರ ಪೀಳಿಗೆಯ ರಂಗಗಾಯನವನ್ನು ಅರಿಯಲು ಅಂಥ ತಟ್ಟೆಗಳಲ್ಲದೆ ಬೇರೆ ಶ್ರವ್ಯಸಾಕ್ಷ್ಯವಿಲ್ಲ. ಆದಕಾರಣ ಅಟ್ಟದ ಮೇಲೆ ಅಜ್ಜನ ಕಾಲದ ಕನ್ನಡ ಪ್ಲೇಟುಗಳನ್ನು ಉಳ್ಳವರು ಅವನ್ನು ಗುಜರಿಗೆ ಹಾಕದೆ, ಧ್ವನಿಭಂಡಾರವುಳ್ಳ ಯಾವುದಾದರೊಂದು ಸಂಸ್ಥೆಯ ವಶಕ್ಕೆ ಒಪ್ಪಿಸಬೇಕೆಂದು ಪ್ರಾರ್ಥನೆ.