ಕೇಸ್ ಪೇಪರ್ ಯಾರ ಕೈಯಲ್ಲಿ?

ವಿಜಯಪುರದ ಯಾವ ದವಾಖಾನೆಗೆ ಹೋದರೂ ಮೊದಲು ಕೇಳುವ ಮಾತು ಒಂದೇ: "ಹಳೇ ಕಾಗದ ತಂದೀರೇನ್ರಿ?" ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಸ್ಸಿಳಿದು ಬಂದವರು ಬಟ್ಟೆ ಅಂಗಡಿಯ ಚೀಲವನ್ನು ಡಾಕ್ಟರ ಮೇಜಿನ ಮೇಲೆ ಸುರಿಯುತ್ತಾರೆ. ಜಿಲ್ಲಾ ಆಸ್ಪತ್ರೆಯ ಹೊರರೋಗಿ ಚೀಟಿ, ರಕ್ತದ ರಿಪೋರ್ಟು, ಸೊಲ್ಲಾಪುರದ ಸ್ಕ್ಯಾನಿಂಗು, ಮಿರಜದ ಡಿಸ್ಚಾರ್ಜ್ ಕಾರ್ಡು, ಔಷಧಿ ಅಂಗಡಿಯ ಬಿಲ್ಲು, ಎಲ್ಲವೂ ಅದರಲ್ಲಿರುತ್ತವೆ. ಇಲ್ಲದ್ದು ಕೇಸ್ ಶೀಟು ಮಾತ್ರ. ಅಡ್ಮಿಟ್ ಆಗಿದ್ದಾಗ ನರ್ಸು ಹೊತ್ತುಹೊತ್ತಿಗೆ ಬರೆದದ್ದು, ಆಪರೇಷನ್ ಮಾಡಿದವರು ಟಿಪ್ಪಣಿ ಮಾಡಿದ್ದು, ಅರಿವಳಿಕೆ ಎಷ್ಟು ಕೊಟ್ಟರೆಂಬುದು ಇರುವ ಕಟ್ಟು ಅದು. ಅದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲೇ ಉಳಿದಿರುತ್ತದೆ. ಹಗುರವಾದ ಕಾಗದ ರೋಗಿಗೆ, ತೂಕದ ಕಾಗದ ಆಸ್ಪತ್ರೆಗೆ ಎಂಬ ಈ ಪಾಲು ಹೇಗೆ ಬಂತು, ಈಗ ಎಷ್ಟು ಸಡಿಲಗೊಂಡಿದೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಈ ಭಾಗದ ಚೀಲ ಇಷ್ಟು ದಪ್ಪವಾಗಲು ಭೂಗೋಳವೂ ಕಾರಣ. 1956ರವರೆಗೆ ವಿಜಯಪುರ ಜಿಲ್ಲೆ ಮುಂಬಯಿಗೆ ಸೇರಿತ್ತು. ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲೇ ಮಿಷನ್ ಆಸ್ಪತ್ರೆ ಕಟ್ಟಿದ್ದರು. ರಾಜ್ಯದ ಗಡಿ ಬದಲಾದರೂ ರೋಗಿಗಳ ದಾರಿ ಬದಲಾಗಲಿಲ್ಲ. ನಗರದಲ್ಲಿ 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಬಂದ ಮೇಲೆ ಹೊರಗೆ ಹೋಗುವ ಅಗತ್ಯ ಕಡಿಮೆಯಾಯಿತು, ನಿಲ್ಲಲಿಲ್ಲ. ಕ್ಯಾನ್ಸರ್ ಎಂದರೆ ಬಾರ್ಶಿ, ಕಲಬುರಗಿ ಅಥವಾ ಬೆಂಗಳೂರಿನ ಕಿದ್ವಾಯಿ. ಇನ್ನು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವೆಗೆ ಹೋಗುವ ತಾಂಡಾಗಳ ಜನರ ಕಾಗದ ಎರಡು ಮೂರು ರಾಜ್ಯಗಳಲ್ಲಿ ಹಂಚಿಹೋಗಿರುತ್ತದೆ. ಒಂದು ಆಸ್ಪತ್ರೆ ಬರೆದದ್ದು ಇನ್ನೊಂದಕ್ಕೆ ತಿಳಿಯುವುದು ರೋಗಿ ಹೊತ್ತು ತಂದರೆ ಮಾತ್ರ.

ಒಬ್ಬ ರೋಗಿಗೆ ಒಂದು ಸಂಖ್ಯೆ, ಒಂದು ಫೈಲು ಎಂಬ ವ್ಯವಸ್ಥೆಯನ್ನು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಹೆನ್ರಿ ಪ್ಲಮರ್ 1907ರಲ್ಲಿ ರೂಢಿಗೆ ತಂದರು. ಆ ಫೈಲು ಆಸ್ಪತ್ರೆಯ ಸ್ವತ್ತಾಗಿತ್ತು. ನಮ್ಮ ಸರಕಾರಿ ಆಸ್ಪತ್ರೆಗಳು ಹೊರರೋಗಿಯ ಚೀಟಿಯನ್ನು ರೋಗಿಯ ಕೈಗೇ ಕೊಟ್ಟು ಕಳಿಸಿದವು. ರೋಗಿಯ ಹಕ್ಕಿನ ವಿಚಾರ ಅಲ್ಲಿರಲಿಲ್ಲ. ದಿನಕ್ಕೆ ನೂರಾರು ಜನ ಬರುವ ಕಡೆ ಅಷ್ಟನ್ನೂ ಇಟ್ಟುಕೊಳ್ಳಲು ಜಾಗ ಎಲ್ಲಿ?

ಹಕ್ಕಿನ ಮಾತು ಶುರುವಾದದ್ದು ಕೋರ್ಟಿನಲ್ಲಿ. 1995ರ ನವೆಂಬರ್‌ನಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ಮಾಡುವ ಚಿಕಿತ್ಸೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಿತು. ನಿರ್ಲಕ್ಷ್ಯವಾಯಿತೆಂದು ದೂರು ಕೊಡಬೇಕಾದರೆ ಕೇಸ್ ಶೀಟು ಬೇಕು, ಅದು ಇರುವುದು ಎದುರಾಳಿಯ ಕಪಾಟಿನಲ್ಲಿ. ಮರುವರ್ಷವೇ ಬಾಂಬೆ ಹೈಕೋರ್ಟು ರಘುನಾಥ ರಹೇಜಾ ಪ್ರಕರಣದಲ್ಲಿ, ರೋಗಿಯೋ ಹತ್ತಿರದ ಬಂಧುವೋ ಕೇಳಿದರೆ ಕೇಸ್ ಪೇಪರಿನ ಪ್ರತಿ ಕೊಡಲೇಬೇಕು, ಗೋಪ್ಯತೆಯ ನೆಪ ಹೇಳುವಂತಿಲ್ಲ ಎಂದಿತು. 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ನಡತೆ ನಿಯಮಾವಳಿ ಇದನ್ನೇ ವೈದ್ಯರ ಕರ್ತವ್ಯವಾಗಿಸಿತು: ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಯ್ದಿಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು, ಕೊಡದಿದ್ದರೆ ಅದು ದುರ್ನಡತೆ. ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಲು ಪ್ರಯತ್ನಿಸಬೇಕು ಎಂಬ ಸಾಲೂ ಅದರಲ್ಲಿದೆ. 'ಪ್ರಯತ್ನ' ಎಂದಿದ್ದರಿಂದ ಇಪ್ಪತ್ತು ವರ್ಷ ಅದು ಪ್ರಯತ್ನವಾಗಿಯೇ ಉಳಿಯಿತು.

ಈ ನಿಯಮದ ಎರಡು ಸೂಕ್ಷ್ಮಗಳು ಜನರಿಗೆ ಗೊತ್ತಾಗುವುದು ತಡವಾಗಿ. ಇದು ಒಳರೋಗಿಗಳಿಗೆ ಮಾತ್ರ. ಹೊರರೋಗಿ ಚೀಟಿ ಕಳೆದುಹೋದರೆ ಇನ್ನೊಂದು ಪ್ರತಿ ಇರಲೇಬೇಕೆಂದಿಲ್ಲ. ಎರಡನೆಯದು ಮೂರು ವರ್ಷದ ಲೆಕ್ಕ. ಐದು ವರ್ಷದ ಹಿಂದೆ ಹಾಕಿದ ಸ್ಟೆಂಟಿನ ವಿವರ ಬೇಕೆಂದು ಇವತ್ತು ಹೋದರೆ ಆಸ್ಪತ್ರೆ ಕೈಚೆಲ್ಲಬಹುದು, ನಿಯಮ ಅದರ ಬೆನ್ನಿಗಿರುತ್ತದೆ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದು, ಮೂರು ವರ್ಷವನ್ನು ಕೊನೆಯ ಭೇಟಿಯಿಂದ ಎಣಿಸಬೇಕು ಎಂದಿತ್ತು. ಆದರೆ ಬೇರೆ ಕಲಮುಗಳಿಗೆ ವೈದ್ಯರ ವಿರೋಧ ಬಂದು, ಅದೇ ತಿಂಗಳ 23ಕ್ಕೆ ಇಡೀ ನಿಯಮಾವಳಿಯನ್ನೇ ತಡೆಹಿಡಿಯಲಾಯಿತು. ನಾವು ಮತ್ತೆ 2002ಕ್ಕೇ ಬಂದು ನಿಂತೆವು.

ಹಕ್ಕು ಹುಟ್ಟಿದ್ದೇ ವ್ಯಾಜ್ಯದ ಹೊಟ್ಟೆಯಲ್ಲಿ ಎಂಬುದು ಇಂದಿಗೂ ಕಾಡುವ ತೊಡಕು ಎಂದು ನನ್ನ ಅಭಿಪ್ರಾಯ. ಕೇಸ್ ಶೀಟಿನ ಪ್ರತಿ ಕೇಳಿದ ಕೂಡಲೇ ಕೌಂಟರಿನಲ್ಲಿದ್ದವರು "ಯಾಕ್ ಬೇಕ್ರಿ?" ಎನ್ನುತ್ತಾರೆ, ಇವರು ಕೇಸು ಹಾಕುವವರು ಎಂಬ ಗುಮಾನಿ ಮುಖದಲ್ಲೇ ಕಾಣುತ್ತದೆ. ಬೇರೊಬ್ಬ ಡಾಕ್ಟರಿಗೆ ತೋರಿಸಲು, ವಿಮೆಗೆ, ಮುಂದಿನ ಹೆರಿಗೆಗೆ ಎಂದು ಬಿಡಿಸಿ ಹೇಳಿದರೂ ಸಂಶಯ ಹೋಗುವುದಿಲ್ಲ. 2010ರಲ್ಲಿ ಅಮೆರಿಕದ ಮೂರು ಕಡೆ ನೂರಕ್ಕೂ ಹೆಚ್ಚು ವೈದ್ಯರು ತಾವು ಬರೆದ ಟಿಪ್ಪಣಿಗಳನ್ನು ರೋಗಿಗಳಿಗೆ ಓದಲು ತೆರೆದಿಟ್ಟರು. ಓಪನ್‌ನೋಟ್ಸ್ ಎಂಬ ಆ ಪ್ರಯೋಗ ಮುಗಿದಾಗ ಯಾವ ವೈದ್ಯರೂ ಅದನ್ನು ನಿಲ್ಲಿಸಲು ಇಷ್ಟಪಡಲಿಲ್ಲ. ಅಲ್ಲಿ ಕಾಗದ ತೆರೆದದ್ದು ಚಿಕಿತ್ಸೆಯ ಭಾಗವಾಗಿ, ಇಲ್ಲಿ ತೆರೆಯುವುದು ನೋಟೀಸಿನ ಭಯಕ್ಕೆ.

ರಾಜ್ಯದ ಮಟ್ಟದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂತು. 2017ರ ತಿದ್ದುಪಡಿಗೆ ವೈದ್ಯರು ಬೆಳಗಾವಿ ಅಧಿವೇಶನದ ಹೊತ್ತಿಗೆ ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿರಬಹುದು. ಆ ಗದ್ದಲದಲ್ಲಿ ದರ ನಿಯಂತ್ರಣವೇ ಚರ್ಚೆಯಾಯಿತು. ರೋಗಿಗಳ ಸನ್ನದು, ಜಿಲ್ಲೆಯಲ್ಲೇ ದೂರು ಕೇಳುವ ಪ್ರಾಧಿಕಾರ ಎಂಬ ಎರಡು ಉಪಯೋಗದ ಸಂಗತಿಗಳು ಸದ್ದಿಲ್ಲದೆ ಒಳಗೆ ಬಂದವು. ದಾಖಲೆ ಕೊಡದ ಖಾಸಗಿ ಆಸ್ಪತ್ರೆಯ ಮೇಲೆ ದೂರು ಒಯ್ಯಲು ಬೆಂಗಳೂರಿಗೆ ಹೋಗಬೇಕಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದು ಇನ್ನೂ ಮುಂದೆ ಹೋಗಿ, ಅಡ್ಮಿಟ್ ಆಗಿರುವಾಗಲೇ 24 ಗಂಟೆಯೊಳಗೆ ಪ್ರತಿ ಸಿಗಬೇಕೆನ್ನುತ್ತದೆ. ಝೆರಾಕ್ಸ್ ಖರ್ಚು ರೋಗಿಯದು. ಅದು ಕಾನೂನಲ್ಲ, ಆದರೂ ಅರ್ಜಿಯಲ್ಲಿ ಹೆಸರಿಸಿದರೆ ಬಲ ಬರುತ್ತದೆ. ಸರಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಇದ್ದೇ ಇದೆ: 10 ರೂಪಾಯಿ, ಕರ್ನಾಟಕದ ನಿಯಮದಂತೆ 150 ಪದದೊಳಗೆ ಒಂದೇ ವಿಷಯ, 30 ದಿನದ ಗಡುವು. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ.

ಅರ್ಜಿಯನ್ನು ಬಾಯಿಮಾತಿನಲ್ಲಿ ಮುಗಿಸಬಾರದು. ರೋಗಿಯ ಹೆಸರು, ಒಳರೋಗಿ ಸಂಖ್ಯೆ, ದಾಖಲಾದ ಮತ್ತು ಬಿಡುಗಡೆಯಾದ ದಿನ ಬರೆದು, ಗುರುತಿನ ಚೀಟಿಯ ಪ್ರತಿ ಲಗತ್ತಿಸಿ, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಂಡರೆ 72 ಗಂಟೆಯ ಗಡಿಯಾರ ಓಡಲು ಶುರು. ಸ್ಕ್ಯಾನಿಂಗಿನ ವರದಿಯೊಂದೇ ಸಾಲದು, ಸಿಡಿಯನ್ನೂ ಕೇಳಬೇಕು. ಬಯಾಪ್ಸಿಯಾಗಿದ್ದರೆ ಸ್ಲೈಡು ಮತ್ತು ಬ್ಲಾಕು. ಕಿದ್ವಾಯಿಯಂಥ ಕಡೆ ಅದನ್ನೇ ಮತ್ತೆ ನೋಡುತ್ತಾರೆ. ಇಸಿಜಿಯ ಹೊಳಪು ಕಾಗದವನ್ನು ಮಾತ್ರ ಮನೆಗೆ ಬಂದ ದಿನವೇ ಝೆರಾಕ್ಸ್ ಮಾಡಿಸಬೇಕು. ಅದು ಶಾಖಕ್ಕೆ ಮೂಡುವ ಅಚ್ಚು. ನಮ್ಮ ಏಪ್ರಿಲ್ ಬಿಸಿಲಿಗೆ ಗೆರೆಗಳೇ ಮಾಯ.

ಇಷ್ಟೆಲ್ಲ ಕಾನೂನಿಗಿಂತ ಚೆನ್ನಾಗಿ ನಡೆದದ್ದು ತಾಯಿ ಕಾರ್ಡು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುವ ನಾಡಿದು. ಗಂಡನ ಮನೆ ಜತ್ತ, ತವರು ತಿಕೋಟಾ ಎಂದಾದರೆ ರಾಜ್ಯವೇ ಬೇರೆ. ಏಳನೆಯ ತಿಂಗಳಲ್ಲಿ ಬಂದವಳ ಹಿಮೋಗ್ಲೋಬಿನ್ ಎಷ್ಟಿತ್ತು, ಬಿ.ಪಿ. ಯಾವಾಗ ಏರಿತು, ಇಂಜಕ್ಷನ್ ಆಗಿದೆಯೇ ಎಂಬುದು ಆ ಕಾರ್ಡು ತಿರುವಿದರೆ ಸಿಗುತ್ತದೆ. ಮಗು ಹುಟ್ಟಿದ ಮೇಲೆ ಅದೇ ಕಾರ್ಡಿನಲ್ಲಿ ಲಸಿಕೆಯ ದಿನಾಂಕ, ತೂಕದ ರೇಖೆ. ಇಲ್ಲಿ ಕೊಡುವ ಕಾರ್ಡು ಕನ್ನಡದಲ್ಲಿ ಅಚ್ಚಾಗಿರುತ್ತದೆ, ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುತ್ತಾಳೆ, ಹಿಂದೆ ಒಂದು ಆರ್‌ಸಿಎಚ್ ಸಂಖ್ಯೆಯೂ ಇದೆ. ರೋಗಿಯ ಕೈಯಲ್ಲಿ, ರೋಗಿಯ ಭಾಷೆಯಲ್ಲಿ, ಓದಿ ಹೇಳುವ ಮನುಷ್ಯರ ಜೊತೆ: ದಾಖಲೆ ಎಂದರೆ ಹೀಗಿರಬೇಕು. ದೊಡ್ಡ ಆಸ್ಪತ್ರೆಗಳ ಡಿಸ್ಚಾರ್ಜ್ ಸಮ್ಮರಿ ಇಂದಿಗೂ ಇಂಗ್ಲಿಷಿನಲ್ಲೇ ಬರುತ್ತದೆ. ದ್ರಾಕ್ಷಿ ಬೆಳೆಗಾರ ಅದನ್ನು ಔಷಧಿ ಅಂಗಡಿಯ ಹುಡುಗನಿಂದ ಓದಿಸಿಕೊಳ್ಳುತ್ತಾನೆ.

2020ರ ಆಗಸ್ಟ್ 15ರಂದು ಘೋಷಣೆಯಾಗಿ, 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಚೀಲವನ್ನೇ ಮೊಬೈಲಿಗೆ ಸಾಗಿಸುವ ಯೋಜನೆ. 14 ಅಂಕಿಯ ಆಭಾ ಸಂಖ್ಯೆ ಅದರ ಬೀಗದ ಕೈ. ಹಲವರು ಇದನ್ನು ಆಸ್ಪತ್ರೆ ಬಿಲ್ಲು ಭರಿಸುವ ಆಯುಷ್ಮಾನ್ ಕಾರ್ಡು ಎಂದುಕೊಂಡಿದ್ದಾರೆ. ಆಭಾದಿಂದ ಒಂದು ರೂಪಾಯಿಯೂ ಬರುವುದಿಲ್ಲ. ವಿನ್ಯಾಸ ಮಾತ್ರ ಮೆಚ್ಚುವಂಥದ್ದು. ದಾಖಲೆ ಡೆಲ್ಲಿಯ ಒಂದೇ ಕಂಪ್ಯೂಟರಿಗೆ ಹೋಗುವುದಿಲ್ಲ, ಬರೆದ ಆಸ್ಪತ್ರೆಯಲ್ಲೇ ಇರುತ್ತದೆ. ಇನ್ನೊಬ್ಬ ಡಾಕ್ಟರು ನೋಡಬೇಕೆಂದರೆ ರೋಗಿಯ ಮೊಬೈಲಿಗೆ ಕೋರಿಕೆ ಬರುತ್ತದೆ. ಯಾವ ಅವಧಿಯ ದಾಖಲೆ, ಎಷ್ಟು ದಿನದ ಮಟ್ಟಿಗೆ ಎಂದು ರೋಗಿಯೇ ಗೊತ್ತುಮಾಡಬಹುದು, ಕೊಟ್ಟ ಒಪ್ಪಿಗೆ ಹಿಂಪಡೆಯಬಹುದು. ಹಳೆಯ ಕಾಗದಗಳ ಫೋಟೊ ತೆಗೆದು ಆಭಾ ಆ್ಯಪಿನಲ್ಲಿ ಸೇರಿಸಿಡಬಹುದು.

ದೇಶದಲ್ಲಿ 70 ಕೋಟಿಗೂ ಹೆಚ್ಚು ಆಭಾ ಸಂಖ್ಯೆಗಳಾಗಿವೆ. ಸಂಖ್ಯೆ ಮಾಡಿಸಿಕೊಂಡ ಮಾತ್ರಕ್ಕೆ ಫೈಲು ತುಂಬುವುದಿಲ್ಲ. ಆಸ್ಪತ್ರೆಯ ತಂತ್ರಾಂಶ ಈ ಜಾಲಕ್ಕೆ ಜೋಡಣೆಯಾಗಿ, ಅಲ್ಲಿ ಯಾರಾದರೂ ಕೂತು ದಾಖಲಿಸಬೇಕು. ಹಳ್ಳಿ ಮನೆಯ ತೊಡಕು ಬೇರೆ. ಓಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ನಂಬರಿಗೆ. ಎಷ್ಟೋ ಮನೆಗಳಲ್ಲಿ ಆ ಫೋನು ಪುಣೆಯಲ್ಲಿ ದುಡಿಯುವ ಮಗನ ಜೇಬಿನಲ್ಲಿದೆ. ಗರ್ಭಪಾತವೋ ಮಾನಸಿಕ ಚಿಕಿತ್ಸೆಯೋ ಆದ ಹೆಣ್ಣುಮಗಳ ಫೈಲು ಗಂಡನ ಫೋನಿನಲ್ಲಿ ತೆರೆದುಕೊಂಡರೆ ಒಪ್ಪಿಗೆ ಯಾರದೆಂದು ಹೇಳುವುದು? ಬಟ್ಟೆ ಚೀಲವನ್ನಾದರೂ ಅವಳು ಟ್ರಂಕಿನೊಳಗೆ ಮುಚ್ಚಿಡಬಹುದಿತ್ತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲಿ ಬರುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಲಮುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು. ಕಂಪ್ಯೂಟರಿನಲ್ಲಿರುವ ತನ್ನ ಮಾಹಿತಿ ಏನೆಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಅದರಲ್ಲಿದೆ. ಬಬಲೇಶ್ವರದ ಸಣ್ಣ ನರ್ಸಿಂಗ್ ಹೋಮೂ ಕಂಪ್ಯೂಟರಿನಲ್ಲಿ ಬಿಲ್ಲು ಬರೆದರೆ ಅದರೊಳಗೆ ಬರುತ್ತದೆ, ಕಾಗದದಲ್ಲೇ ಉಳಿದ ಕೇಸ್ ಶೀಟು ಬರುವುದಿಲ್ಲ. ತಾನು ಸತ್ತರೆ ಅಥವಾ ಪ್ರಜ್ಞೆ ತಪ್ಪಿದರೆ ಈ ಹಕ್ಕನ್ನು ಯಾರು ಚಲಾಯಿಸಬೇಕೆಂದು ಮೊದಲೇ ಹೆಸರು ಸೂಚಿಸಲು 14ನೇ ಕಲಮಿನಲ್ಲಿ ಅವಕಾಶವಿದೆ. ಹಾಗೆ ಸೂಚಿಸಿದ ಹೆಸರು ಮಗನದೇ ಆಗಬೇಕೆಂದಿಲ್ಲ; ಮಗಳದ್ದಾಗಬಹುದು, ಪಕ್ಕದ ಮನೆಯವರದ್ದೂ ಆಗಬಹುದು.